ಎರಡು ಬಾಗಿಲು, ಎರಡು ಪರೀಕ್ಷೆ: ವೈದ್ಯರ ಹೆಸರಿನ ಮುಂದಿನ ಅಕ್ಷರಗಳ ಚರಿತ್ರೆ

ಮುಲುಂಡ್ ಪಶ್ಚಿಮದ ಝವೇರ್ ರೋಡಿನಂಥ ಪೇಟೆಬೀದಿಗಳಲ್ಲಿ ಔಷಧದಂಗಡಿ, ಬಟ್ಟೆಯಂಗಡಿ, ಉಡುಪಿ ಹೋಟೆಲುಗಳ ನಡುವೆ ವೈದ್ಯರ ಬೋರ್ಡುಗಳು ಕಾಣುತ್ತವೆ. ಎಂ.ಬಿ.ಬಿ.ಎಸ್., ಡಿ.ಎನ್.ಬಿ., ಡಿ.ಸಿ.ಎಚ್., ಬಿ.ಎಚ್.ಎಂ.ಎಸ್., ಬಿ.ಎ.ಎಂ.ಎಸ್. ರೋಗಿಗೆ ಇವೆಲ್ಲ ‘ಡಾಕ್ಟರು’ ಎಂಬ ಒಂದೇ ಪದದ ಬೇರೆ ಬೇರೆ ಬರಹ. ಒಳಗೆ ಕುಳಿತವರಿಗೆ ಮಾತ್ರ ಪ್ರತಿ ಅಕ್ಷರದ ಬೆಲೆ ಗೊತ್ತು. ಯಾವ ಆಸ್ಪತ್ರೆಯ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದನ್ನು ತೀರ್ಮಾನಿಸಿದ್ದು ಆ ಅಕ್ಷರಗಳೇ.

ಇದೇ ಲೆಕ್ಕಾಚಾರ ಅಮೆರಿಕದ ಆಸ್ಟಿಯೋಪಥಿ ಕಾಲೇಜುಗಳಲ್ಲಿ ಪ್ರತಿ ವರ್ಷ ನಡೆಯುತ್ತದೆ. ಅಲ್ಲಿ ಪೂರ್ಣ ವೈದ್ಯರಾಗಲು ಎರಡು ದಾರಿ: ಎಂ.ಡಿ. ಮತ್ತು ಡಿ.ಒ. ನಮ್ಮಲ್ಲಿ ಎಂ.ಡಿ. ಎಂದರೆ ಸ್ನಾತಕೋತ್ತರ ಪದವಿ. ಅಲ್ಲಿ ಅದು ವೈದ್ಯನ ಮೊದಲ ಪದವಿ. ಕಾನೂನಿನ ಕಣ್ಣಲ್ಲಿ ಇಬ್ಬರೂ ಸಮಾನರು: ಇಬ್ಬರೂ ಔಷಧ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು. ಪರವಾನಗಿ ಪರೀಕ್ಷೆ ಮಾತ್ರ ಬೇರೆ. ಎಂ.ಡಿ.ಯವರಿಗೆ ಯು.ಎಸ್.ಎಂ.ಎಲ್.ಇ., ಡಿ.ಒ.ದವರಿಗೆ ಕಾಂಲೆಕ್ಸ್. ಆದರೂ ಮೂಳೆ, ಚರ್ಮ, ನರ ಶಸ್ತ್ರಚಿಕಿತ್ಸೆಯಂಥ ಪೈಪೋಟಿಯ ವಿಭಾಗಗಳಲ್ಲಿ ರೆಸಿಡೆನ್ಸಿ ಬಯಸುವ ಡಿ.ಒ. ವಿದ್ಯಾರ್ಥಿ ತನ್ನದಲ್ಲದ ಇನ್ನೊಂದು ಪರೀಕ್ಷೆಯನ್ನೂ ಬರೆಯಬೇಕೇ ಎಂದು ತಲೆಕೆಡಿಸಿಕೊಳ್ಳುತ್ತಾನೆ. ಸಮಾನ ಎಂದು ಸರಕಾರ ಹೇಳಿದ ಮೇಲೂ ಸಮಾನ ಎಂದು ತೋರಿಸುವ ಹೊಣೆ ವಿದ್ಯಾರ್ಥಿಯ ಹೆಗಲಿಗೇ ಬೀಳುವುದೇಕೆ? ಈ ಪ್ರಶ್ನೆಗೆ ಮುಂಬಯಿಯಲ್ಲಿ ನೂರು ವರ್ಷಕ್ಕೂ ಹಳೆಯದಾದ ಒಂದು ಚರಿತ್ರೆಯಿದೆ.

ಬೊಂಬಾಯಿಯ ಎರಡು ಬಾಗಿಲು

ಬೊಂಬಾಯಿಯಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ಶುರುವಾದದ್ದು 1845ರಲ್ಲಿ. 1857ರಲ್ಲಿ ವಿಶ್ವವಿದ್ಯಾಲಯ ಬಂದಮೇಲೆ ಪದವಿ ಕೊಡುವ ಅಧಿಕಾರ ಅದರ ಕೈಗೆ ಹೋಯಿತು. ಆದರೆ ಯಾರು ವೈದ್ಯ, ಯಾರು ಅಲ್ಲ ಎಂದು ಹೇಳುವ ಕಾನೂನು ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1912ರ ಬಾಂಬೆ ಮೆಡಿಕಲ್ ಆಕ್ಟ್ ಪಾಶ್ಚಾತ್ಯ ಪದ್ಧತಿಯ ವೈದ್ಯರ ನೋಂದಣಿಗೆ ಒಂದು ಪರಿಷತ್ತನ್ನು ಹುಟ್ಟುಹಾಕಿತು. ಅದೇ 1912ರಲ್ಲಿ ಕಾಲೇಜ್ ಆಫ್ ಫಿಸಿಶಿಯನ್ಸ್ ಅಂಡ್ ಸರ್ಜನ್ಸ್ ಆಫ್ ಬಾಂಬೆ, ಅಂದರೆ ಸಿ.ಪಿ.ಎಸ್., ಸ್ಥಾಪನೆಯಾಯಿತು. ಹೆಸರಿನಲ್ಲಿ ಕಾಲೇಜು ಇದ್ದರೂ ಅದು ಪಾಠ ಹೇಳುವ ಜಾಗವಾಗಿರಲಿಲ್ಲ. ಇಂಗ್ಲೆಂಡಿನ ರಾಯಲ್ ಕಾಲೇಜುಗಳ ಮಾದರಿಯಲ್ಲಿ ಪರೀಕ್ಷೆ ನಡೆಸಿ ಅರ್ಹತೆ ಕೊಡುವ ಸಂಸ್ಥೆ ಅದು. ಅದು ಕೊಟ್ಟ ಅರ್ಹತೆಯ ಹೆಸರು ಎಲ್.ಸಿ.ಪಿ.ಎಸ್.

ಹೀಗೆ ಬೊಂಬಾಯಿ ಪ್ರಾಂತ್ಯದ ವಿದ್ಯಾರ್ಥಿಗೆ ಎರಡು ಬಾಗಿಲು ತೆರೆದವು. ಒಂದು ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್.: ಇಂಟರ್ ಮುಗಿಸಿರಬೇಕು, ಓದು ದೀರ್ಘ, ಖರ್ಚು ಹೆಚ್ಚು. ಇನ್ನೊಂದು ಲೈಸೆನ್ಶಿಯೇಟ್: ದೇಶದ ಹೆಚ್ಚಿನ ಕಡೆ ಮೆಟ್ರಿಕ್ ಮುಗಿಸಿದವರಿಗೇ ಪ್ರವೇಶವಿತ್ತು, ಸುಮಾರು ನಾಲ್ಕು ವರ್ಷಗಳ ಓದು. ಮದರಾಸು ಪ್ರಾಂತ್ಯದಲ್ಲಿ ಇದರ ಸೋದರನಿಗೆ ಎಲ್.ಎಂ.ಪಿ. ಎಂಬ ಹೆಸರಿತ್ತು. ದಕ್ಷಿಣ ಕನ್ನಡದ ಹಳಬರ ಮಾತಿನಲ್ಲಿ ‘ಎಲ್ಲೆಂಪಿ ಡಾಕ್ಟ್ರು’ ಇಂದಿಗೂ ಬದುಕಿದ್ದಾರೆ.

ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ಆ ಜಿಲ್ಲೆಗಳಲ್ಲಿ ವೈದ್ಯಕೀಯ ಪದವಿ ಕಾಲೇಜು ಇರಲಿಲ್ಲ. ಹುಬ್ಬಳ್ಳಿಗೆ ಅದು ಬಂದದ್ದು 1957ರಲ್ಲಿ. ಗ್ರಾಂಟ್ ಮತ್ತು 1926ರಲ್ಲಿ ಕೆ.ಇ.ಎಂ. ಆಸ್ಪತ್ರೆಯೊಂದಿಗೆ ಬಂದ ಸೇಠ್ ಜಿ.ಎಸ್. ಕಾಲೇಜು, ಎರಡೂ ಬೊಂಬಾಯಿಯಲ್ಲಿದ್ದವು. ಸೀಟು ಸಿಗದವನಿಗೆ, ಮನೆಯಲ್ಲಿ ಅಷ್ಟು ವರ್ಷ ಓದಿಸುವ ಶಕ್ತಿ ಇಲ್ಲದವನಿಗೆ ಎರಡನೆಯ ಬಾಗಿಲೇ ಬಾಗಿಲು.

ಆ ಬಾಗಿಲಿಗೆ ರಾಷ್ಟ್ರೀಯತೆಯ ಬಣ್ಣವೂ ಇತ್ತು. 1921ರಲ್ಲಿ, ಅಸಹಕಾರ ಚಳವಳಿಯ ಕಾವಿನಲ್ಲಿ, ಬೈಕಲಾದಲ್ಲಿ ನ್ಯಾಶನಲ್ ಮೆಡಿಕಲ್ ಕಾಲೇಜು ಹುಟ್ಟಿತು. ಸರಕಾರದ ಕಾಲೇಜುಗಳನ್ನು ಬಿಟ್ಟುಬಂದ ಹುಡುಗರಿಗೆ ಆಸರೆ ಕೊಡುವ ಉದ್ದೇಶ ಅದರದು. ಡಾ. ಎ.ಎಲ್. ನಾಯರ್ ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಆಸ್ಪತ್ರೆ ಅದಕ್ಕೆ ಕಲಿಕೆಯ ತಾಣವಾಯಿತು. ವಿಶ್ವವಿದ್ಯಾಲಯದ ಮಾನ್ಯತೆ ಇಲ್ಲದ ಕಾಲದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬರೆದದ್ದು ಸಿ.ಪಿ.ಎಸ್. ಪರೀಕ್ಷೆ.

ಮೇಲಿನವರಿಗೂ ಮೇಲಿನವರು

ಪದವೀಧರರು ಲೈಸೆನ್ಶಿಯೇಟರನ್ನು ಅರೆವೈದ್ಯರೆಂದು ನೋಡುತ್ತಿದ್ದರು. ಆದರೆ 1930ರಲ್ಲಿ ಆ ಪದವೀಧರರಿಗೇ ಏಟು ಬಿತ್ತು. ಭಾರತದ ವೈದ್ಯಕೀಯ ಪದವಿಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಹಿಂತೆಗೆದುಕೊಂಡಿತು. ನಿಮ್ಮ ತರಬೇತಿಯನ್ನು ನಂಬುವುದು ಹೇಗೆ ಎಂಬುದು ಅದರ ತಕರಾರು. ಉತ್ತರವಾಗಿ 1933ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆ ಬಂತು. ಪದವಿಯ ಮಟ್ಟ ಕಾಯುವುದು ಅದರ ಕೆಲಸ. ಲೈಸೆನ್ಶಿಯೇಟರು ಅದರ ವ್ಯಾಪ್ತಿಯ ಹೊರಗೇ ಉಳಿದರು. ತಮ್ಮನ್ನು ಕೀಳಾಗಿ ಕಂಡವರಿಗೆ ತಕ್ಕ ಉತ್ತರ ಕೊಡಲು ಪದವೀಧರರು ಗೋಡೆ ಕಟ್ಟಿದರು. ಆ ಗೋಡೆಯ ಆಚೆ ಉಳಿದವರು ದೇಶದ ಬಹುಸಂಖ್ಯಾತ ವೈದ್ಯರು.

ಬಹುಸಂಖ್ಯಾತರು ಎಂಬುದು ಉತ್ಪ್ರೇಕ್ಷೆಯಲ್ಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಎಣಿಕೆಯಲ್ಲಿ ಬ್ರಿಟಿಷ್ ಭಾರತದ ನೋಂದಾಯಿತ ವೈದ್ಯರು ಸುಮಾರು 47,500. ಅವರಲ್ಲಿ ಪದವೀಧರರು 17,654, ಲೈಸೆನ್ಶಿಯೇಟರು 29,870. ಹತ್ತರಲ್ಲಿ ಆರಕ್ಕೂ ಹೆಚ್ಚು ಮಂದಿ ಎರಡನೆಯ ಬಾಗಿಲಿನಿಂದ ಬಂದವರು. ಜಿಲ್ಲಾ ಮಂಡಳಿಗಳ ದವಾಖಾನೆ, ರೈಲ್ವೆ, ಗಿರಣಿ, ಸಣ್ಣ ಊರುಗಳ ಖಾಸಗಿ ವೃತ್ತಿಯ ಭಾರ ಹೊತ್ತವರು ಹೆಚ್ಚಾಗಿ ಅವರೇ.

ಮೇಲೇರಬಯಸಿದ ಲೈಸೆನ್ಶಿಯೇಟನಿಗೆ ಉಳಿದ ದಾರಿ ಇನ್ನೊಂದು ಪರೀಕ್ಷೆ. ಹಲವು ವಿಶ್ವವಿದ್ಯಾಲಯಗಳು ಅವರಿಗಾಗಿ ಸಂಕ್ಷಿಪ್ತ ಎಂ.ಬಿ.ಬಿ.ಎಸ್. ಕೋರ್ಸು ತೆರೆದವು. ವರ್ಷಗಟ್ಟಲೆ ರೋಗಿಗಳನ್ನು ನೋಡಿದವರು ದವಾಖಾನೆ ಮುಚ್ಚಿ, ಸಂಸಾರವನ್ನು ಊರಲ್ಲಿ ಬಿಟ್ಟು, ಮತ್ತೆ ಬೆಂಚಿನ ಮೇಲೆ ಕುಳಿತರು. ಕಾಯಿಲೆ ವಾಸಿಮಾಡಲು ಪರವಾನಗಿ ಅವರಲ್ಲಿ ಆಗಲೇ ಇತ್ತು. ಅವರು ಕೊಳ್ಳಹೊರಟದ್ದು ಆಯ್ಕೆ ಮಾಡುವವನ ನಂಬಿಕೆಯನ್ನು.

ಭೋರ್ ಸಮಿತಿ ಗಂಟನ್ನು ಕತ್ತರಿಸಿತು. ದೇಶಕ್ಕೆ ಒಂದೇ ಬಗೆಯ ‘ಮೂಲ ವೈದ್ಯ’ ಸಾಕು. ಲೈಸೆನ್ಶಿಯೇಟ್ ಶಿಕ್ಷಣ ನಿಲ್ಲಲಿ, ಶಾಲೆಗಳು ಕಾಲೇಜುಗಳಾಗಲಿ ಎಂದಿತು. ಹಳ್ಳಿಗಳಿಗೆ ವೈದ್ಯರು ಎಲ್ಲಿಂದ ಬರಬೇಕು ಎಂದು ಸಮಿತಿಯ ಕೆಲವು ಸದಸ್ಯರೇ ಭಿನ್ನಮತ ಬರೆದರು. ಬಹುಮತ ಗೆದ್ದಿತು. ಬೈಕಲಾದ ನ್ಯಾಶನಲ್ ಕಾಲೇಜನ್ನು ಮುಂಬಯಿ ನಗರಪಾಲಿಕೆ 1946ರಲ್ಲಿ ವಹಿಸಿಕೊಂಡು ಟೋಪಿವಾಲಾ ನ್ಯಾಶನಲ್ ಮೆಡಿಕಲ್ ಕಾಲೇಜು ಮಾಡಿತು. ಪುಣೆಯ ಬಿ.ಜೆ. ಶಾಲೆಯೂ ಅದೇ ವರ್ಷ ಪದವಿ ಕಾಲೇಜಾಯಿತು. ಎರಡನೆಯ ಬಾಗಿಲು ಮುಚ್ಚಿತು. ಭಿನ್ನಮತೀಯರ ಪ್ರಶ್ನೆ ಮಾತ್ರ ಇಂದಿಗೂ ಉತ್ತರಕ್ಕಾಗಿ ಕಾದಿದೆ.

ಬೆನ್ನುಮೂಳೆಯಿಂದ ಆಸ್ಪತ್ರೆಯವರೆಗೆ

ಅಮೆರಿಕ ಹಿಡಿದದ್ದು ಬೇರೆ ದಾರಿ. ಆ್ಯಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯ 1864ರಲ್ಲಿ ಮೆದುಳುಪೊರೆಯ ಉರಿಯೂತಕ್ಕೆ ಮೂವರು ಮಕ್ಕಳನ್ನು ಕಳೆದುಕೊಂಡ. ಅಂದಿನ ಔಷಧಗಳ ಮೇಲೆ ಅವನಿಗೆ ನಂಬಿಕೆ ಹೋಯಿತು. 1874ರಲ್ಲಿ ಮೂಳೆ, ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಆಸ್ಟಿಯೋಪಥಿಯನ್ನು ಸಾರಿದ. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದ. ಕ್ರಮೇಣ ಅವನ ಶಿಷ್ಯಪರಂಪರೆ ಔಷಧ, ಶಸ್ತ್ರಚಿಕಿತ್ಸೆಗಳನ್ನೆಲ್ಲ ಪಾಠಕ್ಕೆ ಸೇರಿಸಿಕೊಂಡಿತು. ಇಂದು ಡಿ.ಒ. ಕಾಲೇಜಿನ ಪಾಠದಲ್ಲಿ ಎಂ.ಡಿ. ಪಾಠದ ಜೊತೆಗೆ ಕೈಚಿಕಿತ್ಸೆಯ ಭಾಗವೂ ಇರುತ್ತದೆ. ಬೇರೆ ದೇಶಗಳಲ್ಲಿ ಕೈಚಿಕಿತ್ಸೆ ಮಾತ್ರ ಮಾಡುವ ಆಸ್ಟಿಯೋಪಾತ್‌ಗಳಿಗೂ ಈ ಪದವಿಗೂ ಸಂಬಂಧವಿಲ್ಲ.

ಒಪ್ಪಿಗೆ ನಿಧಾನವಾಗಿ ಬಂತು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಚಿತ್ರ ನಡೆಯಿತು. ಅಲ್ಲಿನ ಡಿ.ಒ.ಗಳು ಒಂದು ಚಿಕ್ಕ ಶಿಬಿರ, 65 ಡಾಲರ್ ಶುಲ್ಕದ ಬದಲಿಗೆ ಎಂ.ಡಿ. ಪಡೆಯಬಹುದಾಯಿತು, ಹೊಸ ಡಿ.ಒ.ಗಳಿಗೆ ಪರವಾನಗಿ ನಿಂತಿತು. ನಿನ್ನೆ ಕಡಿಮೆಯೆನಿಸಿದ್ದವರು 65 ಡಾಲರಿಗೆ ಸಮಾನರಾದರೆ ನಿನ್ನೆಯ ಅಂತರ ಏನಾಗಿತ್ತು? ರಾಜ್ಯದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಡಿ.ಒ. ಪರವಾನಗಿಯನ್ನು ಮತ್ತೆ ತೆರೆಸಿತು.

ಮುಂದೆ 1990ರ ದಶಕದಲ್ಲಿ ಪರೀಕ್ಷೆಗಳು ಇಂದಿನ ರೂಪ ತಾಳಿದವು. 1992ರಿಂದ ಹಂತಹಂತವಾಗಿ ಬಂದ ಯು.ಎಸ್.ಎಂ.ಎಲ್.ಇ. ಅಮೆರಿಕದ ಎಂ.ಡಿ. ವಿದ್ಯಾರ್ಥಿಗಳಿಗೂ ವಿದೇಶಿ ವೈದ್ಯರಿಗೂ ಒಂದೇ ಅಳತೆಗೋಲಾಯಿತು. ಹೀಗಾಗಿ ಮುಲುಂಡಿನಿಂದ ಹೋದ ಎಂ.ಬಿ.ಬಿ.ಎಸ್. ಮತ್ತು ಹಾರ್ವರ್ಡಿನ ವಿದ್ಯಾರ್ಥಿ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಡಿ.ಒ. ಕಾಲೇಜಿನ ವಿದ್ಯಾರ್ಥಿ ಬೇರೆಯದನ್ನು ಬರೆಯುತ್ತಾನೆ. ಆಯ್ಕೆಗೆ ಕುಳಿತವರ ಮುಂದೆ ನೂರಾರು ಅರ್ಜಿಗಳಿರುತ್ತವೆ. ಎರಡು ಬಗೆಯ ಅಂಕಗಳನ್ನು ತೂಗಿನೋಡುವ ವ್ಯವಧಾನ ಅವರಿಗಿಲ್ಲದಿದ್ದರೆ ಪರಿಚಿತ ಅಂಕವೇ ಗೆಲ್ಲುತ್ತದೆ.

2020ರ ಹೊತ್ತಿಗೆ ಎಂ.ಡಿ., ಡಿ.ಒ. ರೆಸಿಡೆನ್ಸಿಗಳು ಒಂದೇ ಮಾನ್ಯತಾ ವ್ಯವಸ್ಥೆಗೆ ಬಂದವು. ಇದರಿಂದ ಡಿ.ಒ. ವಿದ್ಯಾರ್ಥಿಗೆ ಎಲ್ಲ ಬಾಗಿಲು ತೆರೆದವು; ಜೊತೆಗೆ ಅವನಿಗೆಂದೇ ಇದ್ದ ಬಾಗಿಲುಗಳಲ್ಲೂ ಪೈಪೋಟಿ ಬಂತು. 2022ರಲ್ಲಿ ಎರಡೂ ಪರೀಕ್ಷೆಗಳ ಮೊದಲ ಹಂತದಲ್ಲಿ ಅಂಕ ಹೋಗಿ ಪಾಸು-ಫೇಲು ಮಾತ್ರ ಉಳಿಯಿತು. ಒತ್ತಡ ಕರಗಲಿಲ್ಲ, ಎರಡನೆಯ ಹಂತಕ್ಕೆ ಜರುಗಿತು. ಯು.ಎಸ್.ಎಂ.ಎಲ್.ಇ.ಯ ಎರಡೂ ಹಂತ ಬರೆಯಲೇ, ಅಂಕವಿರುವ ಎರಡನೆಯದನ್ನು ಮಾತ್ರ ಬರೆಯಲೇ, ಯಾವುದೂ ಬೇಡವೇ? ಕುಟುಂಬವೈದ್ಯನಾಗಬಯಸುವವನಿಗೆ ಕಾಂಲೆಕ್ಸ್ ಸಾಮಾನ್ಯವಾಗಿ ಸಾಕು. ಮೂಳೆ ಶಸ್ತ್ರಚಿಕಿತ್ಸಕನಾಗಬಯಸುವವನು ಎರಡನೆಯ ಶುಲ್ಕ, ಎರಡನೆಯ ಓದು, ಎರಡು ಬಾರಿ ಸೋಲುವ ಅಪಾಯ ಎಲ್ಲವನ್ನೂ ತೂಗಬೇಕು.

ತೂಗುವುದು ಬೇರೆ, ಒರೆಗೆ ಹಚ್ಚುವುದು ಬೇರೆ

ಮುಂಬಯಿಯಲ್ಲಿ ಎರಡನೆಯ ಬಾಗಿಲು ಮುಚ್ಚಿದರೂ ಆ ಕಥೆ ಮುಗಿಯಲಿಲ್ಲ. ಒಂದು ಮಜಲು ಮೇಲೇರಿತು. ಸಿ.ಪಿ.ಎಸ್. ಸ್ನಾತಕೋತ್ತರ ಡಿಪ್ಲೊಮಾಗಳತ್ತ ತಿರುಗಿತು. ಕೇಂದ್ರ ಸರಕಾರ 2017ರಲ್ಲಿ ಅದರ ಹಲವು ಕೋರ್ಸುಗಳನ್ನು ಮಾನ್ಯಮಾಡಿ, ಮರುವರ್ಷ ಹೆಚ್ಚಿನವುಗಳ ಮಾನ್ಯತೆ ಹಿಂತೆಗೆದುಕೊಂಡಿತು. 1975ರಲ್ಲಿ ಹುಟ್ಟಿದ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ.ಯನ್ನು ಎಂ.ಡಿ.ಗೆ ಸಮವೆಂದು 2019ರ ಕಾಯಿದೆ ಒಪ್ಪಿತು. ಆದರೆ 500 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲಿ ಕಲಿತವರು ಬೋಧಕರಾಗಬೇಕಾದರೆ ಇನ್ನೊಂದು ವರ್ಷ ದುಡಿಯಬೇಕೆಂದಿತು. ಹೋಮಿಯೋಪಥಿ ವೈದ್ಯರು ಒಂದು ವರ್ಷದ ಔಷಧಶಾಸ್ತ್ರ ಕೋರ್ಸು ಮುಗಿಸಿ ಆಧುನಿಕ ಔಷಧ ಬರೆಯಬಹುದೆಂದು ಮಹಾರಾಷ್ಟ್ರ 2014ರಲ್ಲಿ ಕಾನೂನು ತಿದ್ದಿತು. ಆ ಜಗಳ ಇನ್ನೂ ಆರಿಲ್ಲ.

ಇಷ್ಟು ಗೋಜಲಿನ ಕೆಳಗೆ ಇರುವುದು ಎರಡು ಕೆಲಸಗಳ ಬೆರಕೆ. ಪರವಾನಗಿ ಪರೀಕ್ಷೆ ಕೇಳಬೇಕಾದ ಪ್ರಶ್ನೆ ಒಂದೇ: ಈ ವ್ಯಕ್ತಿಯ ಕೈಗೆ ರೋಗಿಯನ್ನು ಒಪ್ಪಿಸಬಹುದೇ? ಅದು ಒರೆಗಲ್ಲು, ಚಿನ್ನ ಹೌದೋ ಅಲ್ಲವೋ ಅಷ್ಟನ್ನು ಹೇಳುತ್ತದೆ. ಸೀಟು ಕಡಿಮೆ, ಕೇಳುವವರು ಹೆಚ್ಚು ಎಂದಾಗ ಆಯ್ಕೆದಾರರು ಅದೇ ಕಲ್ಲನ್ನು ತಕ್ಕಡಿಯ ಬಟ್ಟಾಗಿ ಬಳಸುತ್ತಾರೆ. ಆಗ ಬೇರೆ ಕಲ್ಲಿನಲ್ಲಿ ಒರೆಗೆ ಬಿದ್ದವನು ಮತ್ತೊಮ್ಮೆ ಉಜ್ಜಿಸಿಕೊಳ್ಳಬೇಕಾಗುತ್ತದೆ. ಎಲ್.ಸಿ.ಪಿ.ಎಸ್. ವೈದ್ಯನಿಗೆ ಆದದ್ದೂ ಡಿ.ಒ. ವಿದ್ಯಾರ್ಥಿಗೆ ಆಗುತ್ತಿರುವುದೂ ಇದೇ.

ಮೊದಲ ಹಂತದ ಅಂಕ ತೆಗೆದು ಅಮೆರಿಕ ಈ ಬೆರಕೆಯನ್ನು ಸ್ವಲ್ಪವಾದರೂ ಬಿಡಿಸಿದೆ. ಭಾರತ ನಡೆದಿರುವುದು ಎದುರು ದಿಕ್ಕಿಗೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿರುವ ‘ನೆಕ್ಸ್ಟ್’ ಪರೀಕ್ಷೆ ಎಂ.ಬಿ.ಬಿ.ಎಸ್. ಮುಗಿಸಿದವರಿಗೆ ಪರವಾನಗಿಯೂ ಹೌದು, ಸ್ನಾತಕೋತ್ತರ ಸೀಟಿನ ದರ್ಜೆಪಟ್ಟಿಯೂ ಹೌದು, ವಿದೇಶದಲ್ಲಿ ಓದಿ ಬಂದವರ ಜರಡಿಯೂ ಹೌದು. ಮತ್ತೆ ಮತ್ತೆ ಮುಂದೆ ಹೋಗುತ್ತಿರುವ ಆ ಪರೀಕ್ಷೆ ಬಂದ ದಿನ ಬಾಗಿಲು ಒಂದೇ ಆಗುತ್ತದೆ. ಇಬ್ಬರು ವೈದ್ಯರ ನಡುವೆ ಯಾವ ಕಲ್ಲಿನ ಮೇಲೆ ಉಜ್ಜಿದ್ದೆಂಬ ವಾದ ಉಳಿಯುವುದಿಲ್ಲ. ಆದರೆ ರೋಗಿಯನ್ನು ನೋಡಲು ಸಾಕಷ್ಟು ಕಲಿತ ಹುಡುಗಿ, ಸೀಟು ಗೆಲ್ಲಲು ಸಾಲದ ಅಂಕ ಬಂದಾಗ, ಮನೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂರುತ್ತಾಳೆ. ಅವಳು ಪಾಸಾಗಿದ್ದಾಳೆ, ವೈದ್ಯೆಯಾಗಿದ್ದಾಳೆ ಎಂಬ ಮಾತು ಆ ಪರೀಕ್ಷೆಯ ಗದ್ದಲದಲ್ಲಿ ಯಾರಿಗೂ ಕೇಳಿಸದೆ ಹೋಗಬಹುದು.