ಜನಪ್ರತಿನಿಧಿಗಳ ಮನೆ ವಿಳಾಸ: ಮತದಾರರ ಹಕ್ಕು, ಅಭ್ಯರ್ಥಿಯ ಸುರಕ್ಷತೆ

ಚುನಾವಣೆಗೆ ಸ್ಪರ್ಧಿಸುವ ವ್ಯಕ್ತಿಯ ಮನೆ ವಿಳಾಸವನ್ನು ಭಾರತದ ಕಾನೂನು ಸಾರ್ವಜನಿಕ ಮಾಹಿತಿ ಎಂದೇ ಪರಿಗಣಿಸಿದೆ. ಮತದಾರರಿಗೆ ಇದು ಹಕ್ಕು. ಅಭ್ಯರ್ಥಿಯ ಕುಟುಂಬಕ್ಕೆ ಕೆಲವೊಮ್ಮೆ ಅಪಾಯ. ಈ ಅಪಾಯವನ್ನು ಚಾಮರಾಜನಗರ ಜಿಲ್ಲೆ ಹತ್ತಿರದಿಂದ ಕಂಡಿದೆ.

ಕಾಡಂಚಿನ ಮನೆಗಳು

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಸಾಗುವ ಹೆದ್ದಾರಿಯಲ್ಲಿ, ತಮಿಳುನಾಡು ಗಡಿಗೆ ಮುನ್ನ ಸಿಗುವ ಚೆಕ್‌ಪೋಸ್ಟ್‌ನ ಊರು ಪುಣಜನೂರು. ಈ ಗಡಿಯ ಕಾಡುಗಳು ಒಂದು ಕಾಲಕ್ಕೆ ವೀರಪ್ಪನ್‌ನ ನೆಲೆಯಾಗಿದ್ದವು. 2000ರ ಜುಲೈ 30ರ ರಾತ್ರಿ ಗಡಿಯಾಚೆಯ ದೊಡ್ಡಗಾಜನೂರಿನ ಮನೆಯಿಂದ ವರನಟ ಡಾ. ರಾಜ್‌ಕುಮಾರ್ ಅವರನ್ನು ಆತ ಅಪಹರಿಸಿದ. 108 ದಿನಗಳ ನಂತರ, ನವೆಂಬರ್ 15ರಂದು ಅವರ ಬಿಡುಗಡೆಯಾಯಿತು.

ಹನೂರು ಕ್ಷೇತ್ರವನ್ನು ಪ್ರತಿನಿಧಿಸಿದ್ದ ಮಾಜಿ ಸಚಿವ ಎಚ್. ನಾಗಪ್ಪ ಅವರಿಗೆ ಆ ಅದೃಷ್ಟವಿರಲಿಲ್ಲ. 2002ರ ಆಗಸ್ಟ್ 25ರಂದು ಕಾಮಗೆರೆಯ ತಮ್ಮ ಮನೆಯಿಂದಲೇ ಅಪಹರಣಕ್ಕೊಳಗಾದ ಅವರ ಶವ ಡಿಸೆಂಬರ್ 8ರಂದು ಚಂಗಡಿ ಅರಣ್ಯದಲ್ಲಿ ಪತ್ತೆಯಾಯಿತು. ಹಳ್ಳಿಯಲ್ಲಿ ನಾಯಕರ ಮನೆ ಎಲ್ಲರಿಗೂ ಗೊತ್ತಿರುತ್ತದೆ. ಕಾಗದದಲ್ಲಿ ವಿಳಾಸ ಮರೆಮಾಚುವುದಷ್ಟೇ ರಕ್ಷಣೆಯಾಗದು ಎಂಬುದಕ್ಕೂ ಈ ಪ್ರಕರಣ ಸಾಕ್ಷಿ.

ನಗರವೂ ಹೊರತಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಕಾವಲ್ ಭೈರಸಂದ್ರದಲ್ಲಿ ಪುಲಕೇಶಿನಗರದ ಅಂದಿನ ಶಾಸಕ ಅಖಂಡ ಶ್ರೀನಿವಾಸಮೂರ್ತಿ ಅವರ ಮನೆಗೆ ಗುಂಪೊಂದು ಬೆಂಕಿ ಹಚ್ಚಿತು. ಅವರ ಸಂಬಂಧಿಯೊಬ್ಬರು ಫೇಸ್‌ಬುಕ್‌ನಲ್ಲಿ ಹಾಕಿದ್ದರೆನ್ನಲಾದ ಬರಹ ಇದಕ್ಕೆ ಕಾರಣವಾಗಿತ್ತು.

ಕಾನೂನು ಹೇಳುವುದೇನು?

1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 38ನೇ ಕಲಮಿನಂತೆ ಅಂತಿಮ ಕಣದಲ್ಲಿರುವ ಅಭ್ಯರ್ಥಿಗಳ ಪಟ್ಟಿಯಲ್ಲಿ ಹೆಸರಿನೊಂದಿಗೆ ವಿಳಾಸವೂ ಪ್ರಕಟವಾಗುತ್ತದೆ. ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಪೂರ್ಣ ಅಂಚೆ ವಿಳಾಸ, ದೂರವಾಣಿ ಸಂಖ್ಯೆ, ಇ-ಮೇಲ್ ಮತ್ತು ಸಾಮಾಜಿಕ ಜಾಲತಾಣ ಖಾತೆಗಳ ವಿವರ ನೀಡಬೇಕು. ಆಯೋಗ ಈ ಪ್ರಮಾಣಪತ್ರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ. ಅಂಕಣಗಳನ್ನು ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕೃತವಾಗಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ.

ಈ ಪಾರದರ್ಶಕತೆಯ ಮೂಲ ಸುಪ್ರೀಂ ಕೋರ್ಟ್‌ನ 2002 ಮತ್ತು 2003ರ ತೀರ್ಪುಗಳಲ್ಲಿದೆ. ಅಭ್ಯರ್ಥಿಯ ಆಸ್ತಿ, ಸಾಲ, ಶಿಕ್ಷಣ ಮತ್ತು ಅಪರಾಧ ಹಿನ್ನೆಲೆ ತಿಳಿಯುವುದು ಮತದಾರರ ಮೂಲಭೂತ ಹಕ್ಕು ಎಂದು ಅವು ಸಾರಿದವು. ಮನೆಯ ಬಾಗಿಲ ಸಂಖ್ಯೆ ಈ ಉದ್ದೇಶಕ್ಕೆ ಎಷ್ಟು ಅಗತ್ಯ ಎಂಬುದೇ ಈಗಿನ ಚರ್ಚೆಯ ತಿರುಳು.

ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮತದಾರರಿಗೆ ಸಂಬಂಧವಿಲ್ಲದ ವಿಷಯಗಳಲ್ಲಿ ಅಭ್ಯರ್ಥಿಗೂ ಖಾಸಗಿತನವಿದೆ ಎಂದು ಅರುಣಾಚಲ ಪ್ರದೇಶದ ಕರಿಖೋ ಕ್ರಿ ಪ್ರಕರಣದಲ್ಲಿ 2024ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದು ಆಸ್ತಿ ಘೋಷಣೆಯ ಪ್ರಕರಣ. ವಿಳಾಸದ ಪ್ರಶ್ನೆ ಅದರಲ್ಲಿರಲಿಲ್ಲ.

ಹೊರದೇಶಗಳಲ್ಲಿ

ಬ್ರಿಟನ್ನಿನಲ್ಲಿ ಸಂಸತ್ ಅಭ್ಯರ್ಥಿಯ ಮನೆ ವಿಳಾಸ ಮತಪತ್ರದಲ್ಲೇ ಅಚ್ಚಾಗುತ್ತಿತ್ತು. 2009ರ ಕಾಯ್ದೆ ಅದರ ಬದಲು ತಾನು ವಾಸಿಸುವ ಕ್ಷೇತ್ರದ ಹೆಸರನ್ನಷ್ಟೇ ನೀಡುವ ಆಯ್ಕೆ ಕೊಟ್ಟಿತು. 2010ರ ಸಾರ್ವತ್ರಿಕ ಚುನಾವಣೆಯಲ್ಲಿ ಅದು ಬಳಕೆಗೆ ಬಂತು. ಅಮೆರಿಕದ ಮಿನ್ನೆಸೋಟಾದಲ್ಲಿ 2025ರ ಜೂನ್ 14ರಂದು ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಪತಿ ಸ್ವಂತ ಮನೆಯಲ್ಲೇ ಹತ್ಯೆಯಾದ ಬಳಿಕ, ವಿಳಾಸ ಗೋಪ್ಯತೆಯ ಬೇಡಿಕೆ ಅಲ್ಲಿ ಬಲಗೊಂಡಿತು.

ಮಧ್ಯಮಾರ್ಗ

ಪೂರ್ಣ ವಿಳಾಸ ಚುನಾವಣಾಧಿಕಾರಿಯ ಬಳಿ ಉಳಿದು, ಪ್ರಕಟಿತ ಪ್ರತಿಯಲ್ಲಿ ಊರು, ತಾಲ್ಲೂಕು ಮತ್ತು ಕಚೇರಿ ವಿಳಾಸ ಮಾತ್ರ ಕಾಣಿಸುವುದು ಒಂದು ದಾರಿ. ಆಸ್ತಿ ವಿವರಕ್ಕೆ ಇದರಿಂದ ಧಕ್ಕೆಯಾಗಬಾರದು. ಮನೆಯೂ ಆಸ್ತಿಯೇ ಆದ್ದರಿಂದ ಅದರ ಮೌಲ್ಯ ಮತದಾರರಿಗೆ ತಿಳಿಯಲೇಬೇಕು. ಅಹವಾಲು ಹೊತ್ತು ಬರುವ ಪ್ರಜೆಗೆ ಪ್ರತಿನಿಧಿಯ ಕಚೇರಿ ಬಾಗಿಲು ತೆರೆದಿರಬೇಕು. ಆತನ ಮಕ್ಕಳು ಮಲಗುವ ಮನೆಯ ಬಾಗಿಲು ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿಯಬೇಕಿಲ್ಲ.