ಗ್ರೀಕ್ ರುದ್ರನಾಟಕ

ಗ್ರೀಕ್ ರುದ್ರನಾಟಕವು ಕ್ರಿ.ಪೂ. 6ನೆಯ ಶತಮಾನದಲ್ಲಿ ಅಥೆನ್ಸ್ ನಗರದಲ್ಲಿ ರೂಪುಗೊಂಡು, ಕ್ರಿ.ಪೂ. 5ನೆಯ ಶತಮಾನದಲ್ಲಿ ಉನ್ನತಿಗೇರಿದ ನಾಟಕ ಪ್ರಕಾರ. ಇದನ್ನು ದುರಂತ ನಾಟಕವೆಂದೂ ಕರೆಯುವುದುಂಟು. ಈಸ್ಕಿಲಸ್, ಸೋಫೋಕ್ಲೀಸ್ ಮತ್ತು ಯೂರಿಪಿಡೀಸ್ ಇದರ ಮೂವರು ಪ್ರಮುಖ ಕವಿಗಳು. ಇವರ ಹೆಸರಿನಲ್ಲಿ ಒಟ್ಟು 33 ನಾಟಕಗಳು ಪೂರ್ಣವಾಗಿ ಉಳಿದುಬಂದಿವೆ. ಇವುಗಳಲ್ಲಿ ಒಂದೆರಡರ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸೋಫೋಕ್ಲೀಸನೊಬ್ಬನೇ 120ಕ್ಕೂ ಹೆಚ್ಚು ನಾಟಕಗಳನ್ನು ರಚಿಸಿದನೆನ್ನಲಾಗಿದ್ದು, ಅವುಗಳಲ್ಲಿ ಏಳು ಮಾತ್ರ ಪೂರ್ಣರೂಪದಲ್ಲಿ ದೊರೆತಿವೆ.

ಉಗಮ

ಡಯೊನೈಸಸ್ ದೇವತೆಯ ಉತ್ಸವದಲ್ಲಿ ಮೇಳದವರು ಹಾಡುತ್ತ ಕುಣಿಯುತ್ತಿದ್ದ ಸ್ತುತಿಗೀತಗಳಿಂದ ರುದ್ರನಾಟಕ ಹುಟ್ಟಿತೆಂದು ಅರಿಸ್ಟಾಟಲನು ಹೇಳುತ್ತಾನೆ. ಮೇಳದಿಂದ ಬೇರೆಯಾಗಿ ನಿಂತು ಮಾತನಾಡಿದ ಮೊದಲ ನಟ ಥೆಸ್ಪಿಸ್ ಎಂಬುದು ಪರಂಪರಾಗತ ನಂಬಿಕೆ. ಈಸ್ಕಿಲಸನು ಎರಡನೆಯ ನಟನನ್ನೂ ಸೋಫೋಕ್ಲೀಸನು ಮೂರನೆಯ ನಟನನ್ನೂ ರಂಗಕ್ಕೆ ತಂದರು. ಇದರಿಂದ ಪಾತ್ರಗಳ ನಡುವಿನ ಸಂಘರ್ಷವನ್ನು ಪ್ರೇಕ್ಷಕರ ಕಣ್ಣೆದುರಿಗೇ ನಡೆಸುವುದು ಸಾಧ್ಯವಾಯಿತು. ಮೇಳದ ಪಾಲು ಕ್ರಮೇಣ ಕಡಿಮೆಯಾಯಿತು.

ಪ್ರದರ್ಶನ ವ್ಯವಸ್ಥೆ

ಪ್ರತಿವರ್ಷ ವಸಂತದಲ್ಲಿ ನಡೆಯುತ್ತಿದ್ದ ನಗರ ಡಯೊನೈಸಿಯ ಉತ್ಸವದಲ್ಲಿ ಮೂವರು ಕವಿಗಳು ಸ್ಪರ್ಧಿಸುತ್ತಿದ್ದರು. ಪ್ರತಿಯೊಬ್ಬನೂ ಮೂರು ರುದ್ರನಾಟಕಗಳನ್ನೂ ಸ್ಯಾಟಿರ್ ಎಂಬ ಒಂದು ಹಾಸ್ಯಮಿಶ್ರಿತ ನಾಟಕವನ್ನೂ ಒಪ್ಪಿಸಬೇಕಿತ್ತು. ಮೇಳದ ತರಬೇತಿ ಮತ್ತು ವೇಷಭೂಷಣಗಳ ವೆಚ್ಚವನ್ನು ಶ್ರೀಮಂತ ನಾಗರಿಕನೊಬ್ಬ ಭರಿಸುತ್ತಿದ್ದ. ಬಹುಮಾನವನ್ನು ಚೀಟಿ ಎತ್ತಿ ಆರಿಸಿದ ತೀರ್ಪುಗಾರರು ನಿರ್ಧರಿಸುತ್ತಿದ್ದರು. ಹೀಗೆ ನಾಟಕವು ದೇವತಾರಾಧನೆಯಷ್ಟೇ ಅಲ್ಲದೆ ಪ್ರಜಾಪ್ರಭುತ್ವದ ಪೌರಕಾರ್ಯವೂ ಆಗಿತ್ತು.

ರಂಗಮಂದಿರವು ಗುಡ್ಡದ ಇಳಿಜಾರಿನಲ್ಲಿ, ಬಯಲಿನಲ್ಲಿ ಇರುತ್ತಿತ್ತು. ಪ್ರೇಕ್ಷಕರ ಮೆಟ್ಟಿಲುಸಾಲುಗಳ ಕೆಳಗೆ ಮೇಳ ಕುಣಿಯುವ ಅಂಗಣ, ಅದರ ಹಿಂದೆ ವೇಷ ಬದಲಿಸಲು ಬಳಸುವ ಕಟ್ಟಡ ಇರುತ್ತಿದ್ದವು. ನಟರೆಲ್ಲರೂ ಪುರುಷರೇ, ಸ್ತ್ರೀಪಾತ್ರಗಳನ್ನೂ ಅವರೇ ಮುಖವಾಡ ಧರಿಸಿ ನಿರ್ವಹಿಸುತ್ತಿದ್ದರು. ಮುಖವಾಡದಿಂದಾಗಿ ಮೂವರು ನಟರೇ ಹಲವು ಪಾತ್ರಗಳನ್ನು ವಹಿಸಬಹುದಾಗಿತ್ತು. ಕೊಲೆ, ಆತ್ಮಹತ್ಯೆಗಳು ಸಾಮಾನ್ಯವಾಗಿ ಮರೆಯಲ್ಲಿ ನಡೆಯುತ್ತಿದ್ದು, ದೂತನೊಬ್ಬನು ಬಂದು ಅವನ್ನು ವರ್ಣಿಸುತ್ತಿದ್ದನು. ಕ್ರಿ.ಪೂ. 4ನೆಯ ಶತಮಾನದಲ್ಲಿ ಕಟ್ಟಲಾದ ಎಪಿಡಾರಸ್ ರಂಗಮಂದಿರದಲ್ಲಿ ಇಂದಿಗೂ ಬೇಸಿಗೆಯಲ್ಲಿ ನಾಟಕಗಳು ನಡೆಯುತ್ತವೆ.

ರುದ್ರನಾಟಕ ಮತ್ತು ರಾಜಕೀಯ

ಹೆಚ್ಚಿನ ನಾಟಕಗಳ ವಸ್ತು ಪುರಾಣಕಥೆಗಳೇ ಆದರೂ ಸಮಕಾಲೀನ ಘಟನೆಗಳೂ ರಂಗಕ್ಕೆ ಬಂದವು. ಪರ್ಷಿಯನ್ನರು ಮಿಲೀಟಸ್ ನಗರವನ್ನು ನಾಶಮಾಡಿದ ಕಥೆಯನ್ನು ಫ್ರಿನಿಕಸ್ ಎಂಬ ಕವಿ ಆಡಿಸಿದಾಗ ಪ್ರೇಕ್ಷಕರು ಕಣ್ಣೀರಿಟ್ಟರು. ತಮ್ಮವರ ಸಂಕಟವನ್ನೇ ನೆನಪಿಸಿದನೆಂದು ಅಥೆನ್ಸಿನವರು ಅವನಿಗೆ 1000 ದ್ರಾಕ್ಮ ದಂಡ ವಿಧಿಸಿ, ಆ ನಾಟಕದ ಪ್ರಯೋಗವನ್ನು ನಿಷೇಧಿಸಿದರೆಂದು ಹೆರೊಡೋಟಸನು ಬರೆದಿದ್ದಾನೆ. ಈಸ್ಕಿಲಸನು ಬೇರೊಂದು ದಾರಿ ಹಿಡಿದನು. ಕ್ರಿ.ಪೂ. 480ರ ಸಲಾಮಿಸ್ ಯುದ್ಧದಲ್ಲಿ ಗ್ರೀಕರು ಗೆದ್ದ ಎಂಟು ವರ್ಷಗಳ ಬಳಿಕ ಪ್ರದರ್ಶಿತವಾದ ಅವನ 'ಪರ್ಷಿಯನ್ನರು' ನಾಟಕವು ಸೋತ ಶತ್ರುವಿನ ಅರಮನೆಯಲ್ಲಿ ನಡೆಯುತ್ತದೆ. ಗೆದ್ದವರು ಕುಳಿತು ಸೋತವರ ಗೋಳನ್ನು ಕೇಳುವಂತೆ ಮಾಡಿದ ಈ ಕೃತಿಗೆ ಪ್ರಥಮ ಬಹುಮಾನ ದೊರೆಯಿತು. ಉಳಿದುಬಂದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಅತ್ಯಂತ ಹಳೆಯದು.

ಕ್ರಿ.ಪೂ. 416ರಲ್ಲಿ ಅಥೆನ್ಸಿನ ಸೈನ್ಯವು ಮೆಲೋಸ್ ದ್ವೀಪವನ್ನು ಮುತ್ತಿ, ಅಲ್ಲಿನ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಿತು. ಮರುವರ್ಷವೇ ಯೂರಿಪಿಡೀಸನು ಸೆರೆಯಾದ ಸ್ತ್ರೀಯರ ದುಃಖವನ್ನು ಕುರಿತ 'ಟ್ರಾಯಿನ ಹೆಂಗಸರು' ನಾಟಕವನ್ನು ಪ್ರದರ್ಶಿಸಿದನು. ಇದು ಮೆಲೋಸಿನ ಘಟನೆಗೆ ನೇರ ಪ್ರತಿಕ್ರಿಯೆಯೇ ಎಂಬ ಚರ್ಚೆ ಮುಗಿದಿಲ್ಲ. ಆದರೆ ಆ ಸುದ್ದಿ ಬಲ್ಲ ಪ್ರೇಕ್ಷಕರ ಎದುರಿಗೇ ನಾಟಕ ನಡೆಯಿತೆಂಬುದು ನಿಶ್ಚಿತ.

ರಸಾಸ್ವಾದ

ಅರಿಸ್ಟಾಟಲನು 'ಕಾವ್ಯಮೀಮಾಂಸೆ'ಯಲ್ಲಿ, ರುದ್ರನಾಟಕವು ಮರುಕ ಮತ್ತು ಭೀತಿಗಳನ್ನು ಉದ್ದೀಪಿಸಿ ಆ ಭಾವಗಳ ಶೋಧನೆಯನ್ನು, ಅಂದರೆ 'ಕೆಥಾರ್ಸಿಸ್' ಅನ್ನು, ಸಾಧಿಸುತ್ತದೆ ಎಂದಿದ್ದಾನೆ. ನಾಯಕನು ತೀರ ಸಜ್ಜನನೂ ಅಲ್ಲದ, ದುರ್ಜನನೂ ಅಲ್ಲದ ವ್ಯಕ್ತಿಯಾಗಿರಬೇಕು. ಅವನ ಪತನಕ್ಕೆ ದುಷ್ಟತನವಲ್ಲ, 'ಹಮಾರ್ಶಿಯ' ಎಂಬ ತಪ್ಪೆಣಿಕೆ ಕಾರಣವಾಗಬೇಕು ಎಂಬುದು ಅವನ ಮತ. ಸೋಫೋಕ್ಲೀಸನ 'ದೊರೆ ಈಡಿಪಸ್' ಅವನಿಗೆ ಪ್ರಿಯವಾದ ನಿದರ್ಶನ. ಇಲ್ಲಿ ಕೊಲೆಗಾರನನ್ನು ಹುಡುಕುವ ದೊರೆಯೇ ಆ ಕೊಲೆಗಾರ. ಪ್ರೇಕ್ಷಕರಿಗೆ ಕಥೆ ಮೊದಲೇ ಗೊತ್ತಿದ್ದುದರಿಂದ, ಏನಾಗುವುದೆಂಬ ಕುತೂಹಲಕ್ಕಿಂತ ಈಡಿಪಸನು ಸತ್ಯದತ್ತ ಇಡುವ ಒಂದೊಂದು ಹೆಜ್ಜೆಯೂ ಅವರಲ್ಲಿ ಭೀತಿಯನ್ನು ಹುಟ್ಟಿಸುತ್ತಿತ್ತು.

ಆಧುನಿಕ ಕಾಲದಲ್ಲಿ

1585ರಲ್ಲಿ ಇಟಲಿಯ ವಿಚೆಂಜದಲ್ಲಿ ಒಲಿಂಪಿಕೋ ರಂಗಮಂದಿರವು 'ದೊರೆ ಈಡಿಪಸ್' ಪ್ರಯೋಗದೊಂದಿಗೆ ಆರಂಭವಾಯಿತು. ಅಣ್ಣನ ಶವಸಂಸ್ಕಾರಕ್ಕಾಗಿ ರಾಜಾಜ್ಞೆಯನ್ನು ಮೀರುವ 'ಅಂತಿಗೊನೆ'ಯ ಕಥೆ 20ನೆಯ ಶತಮಾನದಲ್ಲಿ ಮತ್ತೆ ಮತ್ತೆ ರಂಗಕ್ಕೆ ಬಂದಿತು. ಫ್ರಾನ್ಸ್ ಜರ್ಮನಿಯ ವಶದಲ್ಲಿದ್ದ 1944ರಲ್ಲಿ ಜಾನ್ ಅನುಯ್ ತನ್ನ ರೂಪಾಂತರವನ್ನು ಪ್ಯಾರಿಸಿನಲ್ಲಿ ಪ್ರಯೋಗಿಸಿದನು. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೈದಿಗಳು ಇದನ್ನು ಆಡಿದಾಗ ನೆಲ್ಸನ್ ಮಂಡೇಲ ದೊರೆ ಕ್ರಿಯೋನನ ಪಾತ್ರ ವಹಿಸಿದ್ದರು.

ಕನ್ನಡದಲ್ಲಿ

ಕನ್ನಡಕ್ಕೆ ಗ್ರೀಕ್ ರುದ್ರನಾಟಕವನ್ನು ಪರಿಚಯಿಸಿದವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಪ್ರಮುಖರು. ಅವರು ಸೋಫೋಕ್ಲೀಸನ 'ಏಜಾಕ್ಸ್' ಅನ್ನು ಮಹಾಭಾರತದ ಕಥೆಗೆ ಅಳವಡಿಸಿ 'ಅಶ್ವತ್ಥಾಮನ್' ರಚಿಸಿದರು. ಈಸ್ಕಿಲಸನ ಯುದ್ಧನಾಟಕವನ್ನು 'ಪಾರಸಿಕರು' ಎಂದು ಅನುವಾದಿಸಿದರು. ರನ್ನನ ಕಾವ್ಯವನ್ನು ಆಧರಿಸಿದ ಅವರ 'ಗದಾಯುದ್ಧ ನಾಟಕಂ' ಕೃತಿಯಲ್ಲಿ ದುರ್ಯೋಧನನೇ ರುದ್ರನಾಯಕ. ಮುಂದೆ ಪಿ. ಲಂಕೇಶರು 'ದೊರೆ ಈಡಿಪಸ್' ಮತ್ತು 'ಅಂತಿಗೊನೆ'ಗಳನ್ನು ಆಡುಮಾತಿಗೆ ಹತ್ತಿರವಾದ ಕನ್ನಡಕ್ಕೆ ತಂದರು. 1972ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ 'ಈಡಿಪಸ್' ಬೆಂಗಳೂರಿನ ಬಯಲು ರಂಗದಲ್ಲಿ ಪ್ರದರ್ಶಿತವಾಯಿತು. ಆಧುನಿಕ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಇದನ್ನು ಮಹತ್ವದ ಪ್ರಯೋಗವೆಂದು ಪರಿಗಣಿಸಲಾಗಿದೆ.