ಸೊಲ್ಲಾಪುರ ಮತ್ತು ಅಕ್ಕಲಕೋಟದ ಪ್ರೇಕ್ಷಣೀಯ ಸ್ಥಳಗಳು

ಸೊಲ್ಲಾಪುರ ಮಹಾರಾಷ್ಟ್ರದ ದಕ್ಷಿಣ ಗಡಿಯ ಜಿಲ್ಲಾ ಕೇಂದ್ರ. ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಇಲ್ಲಿನ ಬೀದಿಯ ಮಾತುಗಳು. ಚಾದರ ಕೊಳ್ಳಲು, ಇಲ್ಲವೆ ಪಂಢರಪುರ, ತುಳಜಾಪುರಗಳ ಹಾದಿಯಲ್ಲಿ ಇಳಿಯುವವರೇ ಹೆಚ್ಚಾದರೂ ಊರಿನ ಮುಖ್ಯ ತಾಣಗಳು ಒಂದೇ ಕೆರೆಯ ಆಸುಪಾಸಿನಲ್ಲಿವೆ.

ಸಿದ್ಧೇಶ್ವರ ಕೆರೆ ಮತ್ತು ಗುಡಿ
12ನೆಯ ಶತಮಾನದಲ್ಲಿ ಸಿದ್ಧರಾಮ ಜನರನ್ನು ಕೂಡಿಸಿ ತೋಡಿಸಿದ ಕೆರೆಯ ನಡುವೆ ಗುಡಿಯಿದೆ. ಆವರಣದಲ್ಲಿಯೇ ಅವನ ಸಮಾಧಿಯೂ ಇದೆ. ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮಪ್ರಭು ಇಲ್ಲಿಗೆ ಬಂದು, ಹೊರಗಿನ ಕಾಯಕದಿಂದ ಒಳಗಿನ ಅರಿವಿನ ಕಡೆಗೆ ಅವನನ್ನು ತಿರುಗಿಸಿ ಕಲ್ಯಾಣಕ್ಕೆ ಕರೆದೊಯ್ದನೆಂದು ಶೂನ್ಯಸಂಪಾದನೆ ಹೇಳುತ್ತದೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಈ ಊರನ್ನೇ ನೆಲೆಯಾಗಿಸಿಕೊಂಡ ಕಾವ್ಯ. ಸಿದ್ಧರಾಮ ಸ್ಥಾಪಿಸಿದನೆನ್ನುವ 68 ಲಿಂಗಗಳು ಊರ ಸುತ್ತ ಹರಡಿಕೊಂಡಿವೆ.

ಭುಯಿಕೋಟೆ
ಕೆರೆಗೆ ಅಂಟಿಕೊಂಡಿರುವ ನೆಲಕೋಟೆ ಬಹಮನಿ ಕಾಲದ್ದು. ಎರಡು ಸುತ್ತಿನ ಗೋಡೆ, ಬುರುಜು, ಕಂದಕಗಳಿದ್ದು, ಒಂದು ಬದಿಗೆ ಕೆರೆಯ ನೀರೇ ಕಾವಲು. ಒಳಗೆ ಕೆತ್ತನೆಯ ಕಂಬಗಳುಳ್ಳ ಹಳೆಯ ಗುಡಿಯ ಅವಶೇಷವಿದೆ. 16ನೆಯ ಶತಮಾನದಲ್ಲಿ ವಿಜಯಪುರದ ಆದಿಲಶಾಹಿಗಳಿಗೂ ಅಹಮದನಗರದ ನಿಜಾಮಶಾಹಿಗಳಿಗೂ ಈ ಕೋಟೆ ತೀರದ ಜಗಳದ ವಸ್ತು. ಆದಿಲಶಾಹಿ ಮನೆಯ ಹೆಣ್ಣಿನೊಡನೆ ವರದಕ್ಷಿಣೆಯಾಗಿ ಕೊಡುವೆವೆಂದ ಮಾತು ತಪ್ಪಿದ್ದಕ್ಕೆ ಯುದ್ಧವೇ ನಡೆಯಿತು. ಮುಂದೆ ನಿಜಾಮಶಾಹಿ ಮನೆಯ ಚಾಂದಬೀಬಿಯ ಮದುವೆಯಲ್ಲಿ ಇದೇ ಕೋಟೆ ವರದಕ್ಷಿಣೆಯಾಗಿ ವಿಜಯಪುರಕ್ಕೆ ಬಂತು. 1818ರಲ್ಲಿ ಪೇಶ್ವೆಗಳ ಕೈಯಿಂದ ಬ್ರಿಟಿಷರು ಇದನ್ನು ಗೆದ್ದರು.

ಗಡ್ಡಾ ಜಾತ್ರೆ
ಊರನ್ನು ನೋಡಲು ಹದವಾದ ಕಾಲ ಗಡ್ಡಾ ಜಾತ್ರೆ ನಡೆಯುವ ಸಂಕ್ರಾಂತಿ. ಸಿದ್ಧರಾಮನನ್ನು ವರಿಸಬಯಸಿದ ಕುಂಬಾರರ ಮಗಳಿಗೆ ಅವನ ಯೋಗದಂಡದೊಡನೆ ಮದುವೆಯಾಯಿತೆಂಬ ಐತಿಹ್ಯವೇ ಜಾತ್ರೆಯ ಮೂಲ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆಮಜ್ಜನ, ಭೋಗಿಯಂದು ಅಕ್ಷತೆ, ಸಂಕ್ರಾಂತಿಯಂದು ಹೋಮ, ಮರುದಿನ ಮದ್ದು ಸುಡುವುದು. ಬಿಳಿಯ ಬಾರಾಬಂದಿ ಅಂಗಿ ತೊಟ್ಟ ಭಕ್ತರು ಏಳು ನಂದಿಧ್ವಜಗಳನ್ನು ಸರದಿಯ ಮೇಲೆ ಹೊತ್ತು ಸಾಗುತ್ತಾರೆ. ಧ್ವಜದ ಮುಗಿಲೆತ್ತರದ ಬಿದಿರನ್ನು ಸೊಂಟದ ಬಲದ ಮೇಲೆ ನಿಲ್ಲಿಸಿ, ವಾಲದಂತೆ ಇಕ್ಕಟ್ಟಿನ ಗಲ್ಲಿಗಳನ್ನು ದಾಟುವುದಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು. ಮೆರವಣಿಗೆ ಗುಡಿಯ ಬಳಿಯ ಸಮ್ಮತಿ ಕಟ್ಟೆ ಮುಟ್ಟಿದ ಮೇಲೆ ಮದುವೆಯ ಸಮ್ಮತಿಯ ವಾಚನವಾಗುತ್ತದೆ, ನೆರೆದ ಜನ ಅಕ್ಷತೆ ಎರಚುತ್ತಾರೆ.

ನವಿ ಪೇಠ ಮತ್ತು ನಗರದ ನಡುಭಾಗ
ನವಿ ಪೇಠ ಬಟ್ಟೆ, ಸೀರೆ, ಪಾದರಕ್ಷೆಗಳ ಅಂಗಡಿಗಳು ಒತ್ತಾಗಿರುವ ಮಾರುಕಟ್ಟೆ. ಹಬ್ಬದ ಮುಂಚೆ ಗಡಿಯಾಚೆಯ ಹಳ್ಳಿಗಳಿಂದಲೂ ಇಲ್ಲಿಗೆ ಸಂತೆಗೆ ಬರುತ್ತಾರೆ. 1870ರ ದಶಕದಿಂದ ಬಟ್ಟೆ ಗಿರಣಿಗಳು ತಲೆಯೆತ್ತಿದ ಊರು ಇದು. ಗಿರಣಿಗಳು ಮುಚ್ಚಿದರೂ ತೆಲುಗು ಪದ್ಮಶಾಲಿ ನೇಕಾರರು ಚಾದರ, ಟವೆಲುಗಳ ಹೆಸರನ್ನು ಉಳಿಸಿಕೊಂಡಿದ್ದಾರೆ. ಜಕಾರ್ಡ್ ಮಗ್ಗದಲ್ಲಿ ನೇಯ್ದ ಅಸಲಿ ಚಾದರದಲ್ಲಿ ಚಿತ್ತಾರ ನೂಲಿನಲ್ಲಿಯೇ ಇರುತ್ತದೆ. ಮೇಲೆ ಅಚ್ಚು ಹಾಕಿದ್ದಲ್ಲ. ಈ ಚಾದರಕ್ಕೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ದಾರಿಗೆ ಕಟ್ಟಿಕೊಳ್ಳುವ ಬುತ್ತಿ.

ವಾರದ್ ಮನೆತನದ ವರ್ತಕ ಅಪ್ಪಾಸಾಹೇಬರು ಕಟ್ಟಿಸಿದ ಇಂದ್ರಭುವನವೆಂಬ ಸೌಧ ಈಗ ಮಹಾನಗರಪಾಲಿಕೆಯ ಸೊತ್ತು. ಅದರ ಗಾರೆ ಕೆಲಸ ನೋಡತಕ್ಕದ್ದು. ಚಾರ್ ಹುತಾತ್ಮಾ ಚೌಕದಲ್ಲಿ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಅವರ ಪ್ರತಿಮೆಗಳಿವೆ. 1930ರ ಮೇ ತಿಂಗಳಲ್ಲಿ ಊರು ಬ್ರಿಟಿಷರ ಹಿಡಿತ ತಪ್ಪಿ, ಬಳಿಕ ಲಷ್ಕರಿ ಕಾಯಿದೆಗೆ ಒಳಗಾಯಿತು. ಆ ದಿನಗಳ ಹೋರಾಟದ ಪ್ರಕರಣದಲ್ಲಿ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಚೀನಾದಲ್ಲಿ ಗಾಯಾಳು ಸೈನಿಕರ ಆರೈಕೆ ಮಾಡುತ್ತಲೇ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟ್ನೀಸ್ ಹುಟ್ಟಿದ ಮನೆ ಸ್ಮಾರಕವಾಗಿದೆ.

ಕನ್ನಡ ಸಾಹಿತ್ಯಕ್ಕೂ ಈ ಊರಿಗೂ ನಂಟಿದೆ: 1950ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿ. ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ (ಮಂಡ್ಯ, 1974) ಜಯದೇವಿತಾಯಿ ಲಿಗಾಡೆ ಈ ಊರಿನವರು.

ಅಕ್ಕಲಕೋಟ
ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ಆಗ್ನೇಯಕ್ಕೆ, ಕನ್ನಡ ಮಾತಾಡುವ ಹಳ್ಳಿಗಳ ನಡುವಿನ ತಾಲ್ಲೂಕು ಪಟ್ಟಣ. 1856ರಲ್ಲಿ ಇಲ್ಲಿಗೆ ಬಂದ ಸಂತ ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾಗುವವರೆಗೂ ಇಲ್ಲೇ ಉಳಿದರು. ಅವರು ಕೂರುತ್ತಿದ್ದ ಆಲದ ಮರದ ಬಳಿಯ ವಟವೃಕ್ಷ ಮಂದಿರ ಮತ್ತು ಸಮಾಧಿ ಮಠ ಎರಡೂ ದರ್ಶನದ ಜಾಗಗಳು. ಭಕ್ತರಿಗೆ ಅನ್ನಛತ್ರದಲ್ಲಿ ಪ್ರಸಾದವಿದೆ. ಭೋಸಲೆ ಸಂಸ್ಥಾನಿಕರ ಹೊಸ ಅರಮನೆಯ ಶಸ್ತ್ರಾಗಾರದಲ್ಲಿ ಹಳೆಯ ಕತ್ತಿ, ಬಂದೂಕುಗಳ ಸಂಗ್ರಹವಿದೆ.

ಸುತ್ತಲಿನ ತಾಣಗಳು
ಭೀಮಾ–ಸೀನಾ ನದಿಗಳ ಸಂಗಮದ ಹತ್ತರಸಂಗ ಕೂಡಲದಲ್ಲಿ ನೂರಾರು ಮುಖಗಳನ್ನು ಕೆತ್ತಿದ ಲಿಂಗವಿದೆ. ಇಲ್ಲಿನ ಸಂಗಮೇಶ್ವರ ಗುಡಿಯಲ್ಲಿ ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದು (ಕ್ರಿ.ಶ. 1018) ಉಂಟು. ನಾನ್ನಜದ ಹುಲ್ಲುಗಾವಲು ಎರೆಭೂತ ಹಕ್ಕಿಗೆಂದು ಮೀಸಲಾದ ಅಭಯಾರಣ್ಯ. ಈಗ ಹಕ್ಕಿ ಕಾಣುವುದು ಬಲು ಅಪರೂಪ, ಕೃಷ್ಣಮೃಗಗಳು ಕಾಣಸಿಗುತ್ತವೆ. ನಳದುರ್ಗದ ಕೋಟೆಯಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ನೀರಮಹಲು ಅಣೆಕಟ್ಟಿನ ಒಡಲಲ್ಲೇ ಇದ್ದು, ಮಳೆಗಾಲದಲ್ಲಿ ನೋಡಲು ಚೆಂದ.

ಸಂಪರ್ಕ
ವಿಜಯಪುರ ಮತ್ತು ಕಲಬುರಗಿ ಎರಡೂ ಸುಮಾರು 100 ಕಿ.ಮೀ. ದೂರದಲ್ಲಿದ್ದು, ಬಸ್ಸು, ರೈಲು ಎರಡರಲ್ಲೂ ಬರಬಹುದು. ಕೆರೆ, ಗುಡಿ, ಕೋಟೆ, ನವಿ ಪೇಠಗಳಿಗೆ ಒಂದು ದಿನ, ಅಕ್ಕಲಕೋಟಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಜಾತ್ರೆಗೆ ಬರುವವರು ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.